ಪರೀಕ್ಷೆಗೆ ಬಂದ ನನ್ನ ಹೆಜ್ಜೆ

ಮೊನ್ನೆ ಮಗಳು ತನ್ನ ಹಳೆಯ ಫೋನನ್ನು ನನ್ನ ಕೈಗಿಟ್ಟು, "ಅವ್ವಾ, ಇದನ್ನ ಮೈಮ್ಯಾಲ ಇಟ್ಕೊಂಡ ಅಡ್ಡಾಡು. ದಿನಕ್ಕ ಎಷ್ಟ ಹೆಜ್ಜಿ ನಡೀತಿ ಅಂತ ಅದ ಎಣಸತೈತಿ" ಅಂದಳು. ಸೀರೆ ಉಡುವವರಿಗೆ ಕಿಸೆ ಎಲ್ಲಿಂದ ಬರಬೇಕು? ಸೊಂಟಕ್ಕೆ ಸಿಗಿಸಿಕೊಂಡು ದಿನವಿಡೀ ಓಡಾಡಿದೆ. ಸಂಜೆ ತೆಗೆದು ನೋಡಿದರೆ ಅದು ತೋರಿಸಿದ ಸಂಖ್ಯೆಗೂ ನನ್ನ ಸಂಖ್ಯೆಗೂ ತಾಳೆಯೇ ಇಲ್ಲ. ಆಮೇಲೆ ತಿಳಿಯಿತು, ನಾನು ರೊಟ್ಟಿ ಬಡಿಯುವಾಗ ಮೈ ಕುಲುಕಿದ್ದನ್ನೂ ಆ ಮಹಾರಾಯ ನಡಿಗೆ ಅಂತಲೇ ಹಿಡಿದಿದ್ದ. ಒಂದು ಬುಟ್ಟಿ ರೊಟ್ಟಿಗೆ ನನ್ನನ್ನು ಊರು ದಾಟಿಸಿಬಿಟ್ಟಿದ್ದ.

"ನನ್ನ ಸಂಖ್ಯೆ" ಅಂದೆನಲ್ಲ, ಅಲ್ಲಿಗೆ ಸಿಕ್ಕಿಬಿದ್ದೆ. ಹೌದು, ನಾನು ಹೆಜ್ಜೆ ಎಣಿಸುತ್ತೇನೆ. ಬೇಕೆಂದು ಎಣಿಸುವುದಲ್ಲ, ಕಾಲು ಎತ್ತಿದರೆ ಎಣಿಕೆ ತಾನೇ ಶುರುವಾಗುತ್ತದೆ. ಹಾದಿಯಲ್ಲಿ ಯಾರಾದರೂ "ಆರಾಮದೀರಿ?" ಅಂದರೆ, ತಡೆಯಿರಿ ಎಂಬಂತೆ ಒಂದು ಬೆರಳೆತ್ತಿ, ಸಂಖ್ಯೆಯನ್ನು ಬಾಯಲ್ಲಿ ಹಿಡಿದುಕೊಂಡು ಮುಂದೆ ಹೋಗಿಬಿಡುತ್ತೇನೆ. ನಮ್ಮ ಓಣಿಯ ಅರ್ಧ ಮಂದಿ ನನ್ನನ್ನು ಸೊಕ್ಕಿನವಳು ಅಂದುಕೊಂಡಿದ್ದಾರೆ. ಉಳಿದರ್ಧ ಮಂದಿ, ಪಾಪ, ಯಾವಾಗಲೂ ಜಪ ಮಾಡುತ್ತಾಳೆ ಅಂದುಕೊಂಡಿದ್ದಾರೆ. ಆ ಎರಡನೆಯವರನ್ನು ನಾನು ತಿದ್ದಲು ಹೋಗಿಲ್ಲ.

ಈ ಚಾಳಿ ಹತ್ತಿಸಿದವರು ನಮ್ಮ ತೋರಗಲ್ಲ ಸರ್. ತೊಂಬತ್ತರ ದಶಕದ ಮೊದಲ ವರ್ಷಗಳವು. ನಾನು ಬೈಲಹೊಂಗಲದಲ್ಲಿ ಹೈಸ್ಕೂಲು ಸೇರಿದಾಗ ಅವರು ನಮಗೆ ಗಣಿತ ಹೇಳುತ್ತಿದ್ದರು. ರಾಮದುರ್ಗದ ಕಡೆಯವರು, ಸಣಕಲು ಆಳು, ಸದಾ ಬಿಳಿ ಅಂಗಿ. ಆ ವರ್ಷ ಆಟದ ಮಾಸ್ತರರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ತರರು ಸೀಟಿಯನ್ನು ತಂದು ತೋರಗಲ್ಲ ಸರ್ ಕೊರಳಿಗೆ ಹಾಕಿದರು. ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದಾಗ ನೀವು ನಾವಾದರೆ ಒಂದನ್ನು ಮೆಲ್ಲಗೆ ಕೈಬಿಡುತ್ತೇವೆ. ಸರ್ ಎರಡನ್ನೂ ಒಂದೇ ಪರಾತದಲ್ಲಿ ಹಾಕಿ ನಾದಿದರು.

ಅಲ್ಲಿಯವರೆಗೆ ಆಟದ ತಾಸಿನಲ್ಲಿ ಹುಡುಗಿಯರು ಬೇವಿನ ಗಿಡದ ಕೆಳಗೆ ಕುಂತು ಕಸೂತಿ ಹಾಕುವುದು ರೂಢಿ. ಮೈದಾನ ಹುಡುಗರದು, ನೆರಳು ನಮ್ಮದು. ಮೊದಲ ದಿನ ಸರ್ ಸೀಟಿ ಊದಿ, "ಏಳ್ರವಾ, ಸೂಜಿ ಚುಚ್ಚಿ ಇಡ್ರಿ. ಮೈದಾನ ಒಂದ ಸುತ್ತ ಹಾಕಬೇಕು, ಹೆಜ್ಜಿ ಎಣಸಬೇಕು. ಎಣಿಕಿ ತಪ್ಪಿದ್ರ ಇನ್ನೊಂದ ಸುತ್ತ" ಅಂದರು. ನನ್ನ ಗೆಳತಿ ಶಾಂತಾ ಸಂಪಗಾಂವದಿಂದ ಬಸ್ಸಿಗೆ ಬರುತ್ತಿದ್ದವಳು, ಮೈಯಲ್ಲಿ ತುಸು ತುಂಬಿಕೊಂಡವಳು. "ಸರ, ತಪ್ಪಿದ್ರ ಎರಡ ಛಡಿ ಕೊಡ್ರಿ, ಸುತ್ತ ಬ್ಯಾಡ್ರಿ" ಅಂತ ಅಲ್ಲೇ ಚೌಕಾಶಿಗಿಳಿದಳು. ಸರ್ ಕೇಳಲಿಲ್ಲ.

ಶಾಂತಾನ ಎಣಿಕೆಯನ್ನು ನೀವು ಕೇಳಬೇಕಿತ್ತು. ಅವಳ ಅಪ್ಪ ರಾಶಿಯ ಕಣದಲ್ಲಿ ಜೋಳ ಅಳೆಯುವವನು. ಕಾಳು ಅಳೆಯುವಾಗ ನಮ್ಮಲ್ಲಿ ಒಂದು ಅನ್ನುವುದಿಲ್ಲ. "ಲಾಭ" ಅಂತ ಶುರು ಮಾಡಿ, ಆಮೇಲೆ ಎರಡಕ್ಕೆ ಬರುತ್ತಾರೆ. ಅದೂ ಹೇಗೆ, ಅಳತೆ ತುಂಬುವವರೆಗೆ ಅದೇ ಸಂಖ್ಯೆಯನ್ನು "ಎರಡ, ಎರಡ, ಎರಡ" ಅಂತ ರಾಗವಾಗಿ ಹೇಳುತ್ತ ಇರುವುದು. ಶಾಂತಾ ಹುಟ್ಟಿದಾಗಿನಿಂದ ಕೇಳಿದ ಎಣಿಕೆ ಅದೊಂದೇ. "ಲಾಭ, ಲಾಭ, ಲಾಭ" ಅಂತ ನಾಲ್ಕು ಹೆಜ್ಜೆ ಹೋದಳು, ಎರಡರಲ್ಲಿ ಇನ್ನು ನಾಲ್ಕು. ಇಡೀ ಮೈದಾನ ಸುತ್ತಿ ಬಂದು ಅವಳು ಒಪ್ಪಿಸಿದ ಸಂಖ್ಯೆ ಕೇಳಿದರೆ ನಮ್ಮ ಮೈದಾನ ಒಂದು ಮನೆಯ ಹಿತ್ತಲಷ್ಟಿತ್ತು. ಸರ್ ಸೀಟಿ ಬಾಯಲ್ಲೇ ಇಟ್ಟುಕೊಂಡು ಯೋಚಿಸಿ, "ಇನ್ನ ಮ್ಯಾಲ ನಿಮ್ಮಪ್ಪನ ಕಡೇನ ಜ್ವಾಳಾ ತಗೋತೇನವಾ ನಾ" ಅಂದರು. ಶಾಂತಾಗೆ ಇನ್ನೊಂದು ಸುತ್ತು ಬಿತ್ತು.

ನಿಜವಾದ ಪಾಠ ಮರುವಾರ ಶುರುವಾಯಿತು. ದರ್ಜಿಯ ಹತ್ತಿರ ಬೇಡಿ ತಂದ ಅಳತೆಯ ಪಟ್ಟಿ, ಒಂದು ಖಡು, ಅಂದರೆ ಸೀಮೆಸುಣ್ಣ. ವರಾಂಡದ ನೆಲದ ಮೇಲೆ ಆ ಖಡುವಿನಿಂದ ಗೆರೆ ಎಳೆದು, ಒಬ್ಬೊಬ್ಬರನ್ನೇ ನಡೆಸಿದರು. ಹತ್ತು ಹೆಜ್ಜೆ ನಡೆ, ಎಷ್ಟು ದೂರವಾಯಿತೋ ಅಳೆ, ಹತ್ತರಿಂದ ಭಾಗಿಸು, ಬಂದದ್ದು ನಿನ್ನ ಹೆಜ್ಜೆ. ದಶಾಂಶದ ಚುಕ್ಕೆ ಯಾಕೆ ಸರಿಯುತ್ತದೆ, ಎಲ್ಲಿಗೆ ಸರಿಯುತ್ತದೆ ಅಂತ ಪುಸ್ತಕ ಹಿಡಿದು ಬಡಿದಾಡಿದರೂ ತಿಳಿಯದವರಿಗೆ ಅಂದು ಅದು ಕಾಲಿನಿಂದ ತಲೆಗೆ ಏರಿತು. ಒಮ್ಮೆ ನಿನ್ನ ಹೆಜ್ಜೆ ಗೊತ್ತಾಯಿತೋ, ಮನೆಯಿಂದ ಸಾಲಿ, ಸಾಲಿಯಿಂದ ಪೇಟೆ, ಪೇಟೆಯಿಂದ ಬಸ್‌ಸ್ಟ್ಯಾಂಡು, ಎಲ್ಲವನ್ನೂ ಅಳೆಯಬಹುದು. "ದೇವರ ನಿಮ್ಮ ಕಾಲಾಗ ಫೂಟಪಟ್ಟಿ ಇಟ್ಟಾನ. ಮಡಚಿ ಇಟ್ಕೊಂಡ ಕುಂದರಬ್ಯಾಡ್ರಿ" ಅನ್ನುತ್ತಿದ್ದರು. ಮೊದಲ ವಾರ ಅರ್ಧ ಸುತ್ತಿಗೇ ಏದುಸಿರು ಬಿಡುತ್ತಿದ್ದ ನಾವು ದೀಪಾವಳಿಯ ಹೊತ್ತಿಗೆ ನಡೆಯುತ್ತಲೇ ಮಾತಾಡಿ ಬೈಸಿಕೊಳ್ಳುವಷ್ಟು ಗಟ್ಟಿಯಾದೆವು.

ಆದರೆ ನನ್ನ ಗ್ರಹಚಾರ ಆ ವರಾಂಡದಲ್ಲೇ ಕಾದಿತ್ತು. ಸರ್ ಎಲ್ಲರ ಹೆಜ್ಜೆಯನ್ನೂ ಕರಿಹಲಗೆಯ ಮೇಲೆ ಬರೆದು, "ಇಡೀ ಕ್ಲಾಸಿನ್ಯಾಗ ಯಾರ ಹೆಜ್ಜಿ ಎಲ್ಲಾರಕಿಂತ ಉದ್ದ ಐತಿ? ಗಂಡಹುಡುಗೂರನ್ನೂ ಹಿಡದ ಹೇಳ್ರಿ" ಅಂತ ಕೇಳಿದರು. ಎಲ್ಲರೂ ಹಲಗೆ ನೋಡಿದರು, ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

ಹದಿಮೂರನೆಯ ವಯಸ್ಸಿಗೆ ಹುಡುಗಿಯೊಬ್ಬಳ ಕಾಲು ಎಷ್ಟು ಅಗಲ ಹೋಗುತ್ತದೆ ಅನ್ನುವುದನ್ನು ಗಂಡುಹುಡುಗರ ಮುಂದೆ ದಶಾಂಶದಲ್ಲಿ ಬರೆದರೆ ಅವಳಿಗೆ ಏನಾಗುತ್ತದೆ ಅನ್ನುವುದು ಆ ದೇವರಂಥ ಮನುಷ್ಯನಿಗೆ ಹೊಳೆಯಲೇ ಇಲ್ಲ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾನು ಆಗಲೇ ಎಲ್ಲ ಹುಡುಗಿಯರಿಗಿಂತ ಗೇಣುದ್ದ ಎತ್ತರ. ಲಂಗ ಯಾವಾಗ ಹೊಲಿಸಿದರೂ ಎರಡು ತಿಂಗಳಿಗೆ ಮೀನಗಂಡದ ಮೇಲೆ ಬಂದು ನಿಲ್ಲುತ್ತಿತ್ತು. ಹುಡುಗರು ಅಂದಿನಿಂದ ನನ್ನನ್ನು ಒಂಟೆ ಅಂದರು. ಸರ್ ಮಾತ್ರ ಹೆಮ್ಮೆಯಿಂದ, "ಇದ ನೋಡ್ರಿ ನಡಿಗಿ ಅಂದ್ರ. ಕಾಲ ಬಿಚ್ಚಿ ನಡೀತಾಳ ಗಿರಿಜಾ" ಅಂದರು. ಹೊಗಳಿಕೆ ಕೇಳಿ ಅಳು ಬಂದದ್ದು ನನಗೆ ಅದೇ ಮೊದಲು.

ಅಲ್ಲಿಗೆ ಮುಗಿಯಲಿಲ್ಲ. ನನ್ನ ಹೆಜ್ಜೆ ಅವರಿಗೆ ಒಂದು ಅಳತೆಯೇ ಆಯಿತು. ಲಸಾಅ ಕಲಿಸಬೇಕೆಂದರೆ ನನ್ನನ್ನೂ ಶಾಂತಾನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿ ಬಿಡುವುದು. ಅವಳು ಮೂರು ಹೆಜ್ಜೆ ಇಡುವಲ್ಲಿ ನಾನು ಎರಡು ಇಡುತ್ತಿದ್ದೆ. ಇಬ್ಬರ ಕಾಲೂ ಕೂಡಿ ಎಲ್ಲಿ ಬೀಳುತ್ತವೋ ಅಲ್ಲಿ ಖಡುವಿನ ಗುರುತು. ಶಾಂತಾ ನನ್ನ ಜೊತೆ ಕಾಲು ಕೂಡಿಸಲು ಹೋಗಿ ಎರಡು ಸಲ ಬಿದ್ದಳು. "ಇಕೀ ಕಾಲ ಕಡಿಸ್ರಿ ಸರ, ಲೆಕ್ಕ ತಾನ ಕೂಡತೈತಿ" ಅಂದಳು. ಮಧ್ಯವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆರೆದು ನೋಡಿದರೆ ಬೈಲಹೊಂಗಲದಿಂದ ಸಂಪಗಾಂವಕ್ಕೆ ಗಿರಿಜಾ ನಡೆದುಹೋಗುತ್ತಿದ್ದಾಳೆ, ಎಷ್ಟು ಹೆಜ್ಜೆ? ಅಂತ ಇತ್ತು. ಹುಡುಗರು ತಲೆಯೆತ್ತಿ ನನ್ನನ್ನು ನೋಡಿ ನಕ್ಕು, ಮತ್ತೆ ಬಗ್ಗಿ ಬರೆದರು. ಆ ಲೆಕ್ಕ ತಪ್ಪಿದವಳು ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ. ಕಣ್ಣು ಮಂಜಾಗಿ ಸೊನ್ನೆ ಒಂದು ಬಿಟ್ಟುಹೋಗಿತ್ತು.

ಸುದ್ದಿ ಮನೆಗೂ ಬಂತು. ಆಯಿ, ಅಂದರೆ ಅಪ್ಪನ ತಾಯಿ, ನಮ್ಮ ಮನೆಯ ಹೈಕೋರ್ಟು. ಯಾರೋ ಅವಳಿಗೆ "ನಿಮ್ಮ ಮೊಮ್ಮಗಳ ಹೆಜ್ಜಿ ಪರೀಕ್ಷಾಕ ಬಂದೈತಂತಲ್ರಿ" ಅಂತ ಗುಡಿಯ ಮುಂದೆ ಹೇಳಿಬಿಟ್ಟರು. ಆಯಿ ಮನೆಗೆ ಬಂದವಳೇ, "ಹೆಣ್ಣಹುಡುಗೂರ ಕಾಲ ಅಳತಿ ಮಾಡಿ ಹಲಗಿ ಮ್ಯಾಲ ಬರೀತಾರಂದ್ರ ಏನ ಸಾಲಿ ಅದು, ಏನ ಮಾಸ್ತರ ಆಂವ" ಅಂತ ಕುಂತಲ್ಲೇ ಶುರು ಮಾಡಿದಳು. ನನಗೂ ಪಾಠವಾಯಿತು. ಹೆಣ್ಣುಮಕ್ಕಳು ನಡೆದರೆ ನೆಲಕ್ಕೆ ತಿಳಿಯಬಾರದು, ಸೆರಗಿಗೆ ತಿಳಿಯಬಾರದು, ಪಕ್ಕದ ಮನೆಗಂತೂ ತಿಳಿಯಲೇಬಾರದು. ನನಗೆ ನಾಚಿಕೆಯಾಯಿತು. ನಮ್ಮ ಕಡೆ ನಾಚಿಕೆಯನ್ನು ಹೆಣ್ಣುಮಕ್ಕಳಿಗೆ ಬೇರೆಯಾಗಿ ಕಲಿಸಬೇಕಿಲ್ಲ, ಅಂಗಿಯ ಜೊತೆಗೇ ಹೊಲಿಸಿ ಕೊಟ್ಟಿರುತ್ತಾರೆ.

ಹೀಗಾಗಿ ನನಗೆ ಎರಡು ನಡಿಗೆಗಳಾದವು. ಮನೆಯಲ್ಲಿ, ಓಣಿಯಲ್ಲಿ, ಅಪ್ಪನ ಎದುರಿಗೆ, ಕಾಲಿಗೆ ದಾರ ಕಟ್ಟಿದವಳ ಹಾಗೆ ಪುಟುಪುಟು ಹೆಜ್ಜೆ. ಓಣಿಯ ತಿರುವು ದಾಟಿದ ಮೇಲೆ ನನ್ನದು. ಸಂಜೆ ಬರುವಾಗ ಅದೇ ತಿರುವಿನಲ್ಲಿ ಮತ್ತೆ ಕಾಲು ಮಡಚಿಕೊಳ್ಳುತ್ತಿದ್ದೆ. ಎರಡೂ ಕಡೆ ನಾಚಿಕೆಯೇ. ಅಲ್ಲಿ ಉದ್ದಕ್ಕೆ, ಇಲ್ಲಿ ಕಳ್ಳತನಕ್ಕೆ.

ಒಂದೇ ಒಂದು ದಿನ ಅದೆಲ್ಲ ಮರೆತುಹೋಗಿತ್ತು. ಸರ್ ನಮ್ಮನ್ನು ಕಿತ್ತೂರಿಗೆ ಕರೆದುಕೊಂಡು ಹೋಗಿದ್ದರು, ಕೋಟೆ ತೋರಿಸಲು ಅಂತ ನಾವು ತಿಳಿದಿದ್ದೆವು, ಅವರು ಅಳೆಸಲು ಒಯ್ದಿದ್ದರು. ಹಾಳುಬಿದ್ದ ಗೋಡೆಗಳ ಸುತ್ತ ಒಬ್ಬೊಬ್ಬರದು ಒಂದೊಂದು ದಿಕ್ಕು. ಎಲ್ಲರಿಗಿಂತ ಉದ್ದನೆಯ ಬದಿ ನನ್ನದು. ಗಾಳಿ ಬೀಸುತ್ತಿತ್ತು, ನೋಡುವವರು ಯಾರೂ ಇರಲಿಲ್ಲ, ಲಂಗವನ್ನು ಒಂದು ಕೈಯಲ್ಲಿ ತುಸು ಎತ್ತಿ ಹಿಡಿದು ನಾನು ನಡೆದೆ. ಎಣಿಕೆ ಬಾಯಲ್ಲಿ, ಹೆಜ್ಜೆ ನೆಲದಲ್ಲಿ, ಎರಡೂ ಜೋಡಿಯಾಗಿ ಹೋಗುವಾಗ ಮೈಯೆಲ್ಲ ಹಗುರ. ಕೊನೆಗೆ ಎಲ್ಲರ ಅಳತೆ ಕೂಡಿಸಿ ಸರ್ ತಾವು ಅಳೆದದ್ದರೊಡನೆ ಹೋಲಿಸಿದಾಗ ನನ್ನ ಬದಿಯಲ್ಲಿ ಹೆಚ್ಚುಕಡಿಮೆಯೇ ಇರಲಿಲ್ಲ. ಶಾಂತಾ ಮಾತ್ರ ಊಟದ ಗಂಟು ಬಿಚ್ಚಿದವರ ಕಡೆಗೇ ಅಳೆದುಕೊಂಡು ಹೋಗಿದ್ದಳು.

ನಾವು ಎಸೆಸೆಲ್ಸಿ ಮುಗಿಸಿದ ವರ್ಷವೇ ಸರ್ ತಮ್ಮ ಊರ ಕಡೆ ವರ್ಗ ಮಾಡಿಸಿಕೊಂಡು ಹೋದರು. ನಾನು ಪಿಯುಸಿ ಮುಗಿಸಿದೆ, ಮನೆಯಲ್ಲಿ ಕುಂತೆ, ಕುಂತವಳನ್ನು ಎಬ್ಬಿಸುವ ಮಾತು ಶುರುವಾಯಿತು. ಬೆನ್ನಿಗೆ ಇಬ್ಬರು ತಂಗಿಯರಿದ್ದರು. ನಾನು ಹೊಸ್ತಿಲು ದಾಟದೆ ಅವರ ಸರದಿ ಬರುವಂತಿರಲಿಲ್ಲ.

ಕನ್ಯೆ ನೋಡಲು ಬಂದವರು ಹುಡುಗಿಯನ್ನು ನಡೆಸಿ ನೋಡುವುದು ನಿಮಗೂ ಗೊತ್ತಿರುವ ಪದ್ಧತಿಯೇ. ಹೆಸರು ಕೇಳುತ್ತಾರೆ, ಓದು ಕೇಳುತ್ತಾರೆ, ರೊಟ್ಟಿ ಬರುತ್ತದೋ ಅಂತ ಕೇಳುತ್ತಾರೆ. ಕೊನೆಗೆ ಯಾರೋ ಹಿರಿಯರು ಗಂಟಲು ಸರಿಮಾಡಿಕೊಂಡು, "ಸ್ವಲ್ಪ ನಡದ ತೋರಸವಾ" ಅನ್ನುತ್ತಾರೆ. ಕಾಲಿನಲ್ಲಿ ಊನವಿದೆಯೋ ಅಂತ ತಿಳಿಯುವ ಉಪಾಯ. ಸಂತೆಯಲ್ಲಿ ಎತ್ತು ಕೊಳ್ಳುವವರೂ ಹೀಗೆಯೇ ನಡೆಸಿ ನೋಡುತ್ತಾರೆ, ಆದರೆ ಅವರು ಆಮೇಲೆ ಶಿರಾ ತಿನ್ನುವುದಿಲ್ಲ.

ಮೊದಲು ಬಂದವರು ಸವದತ್ತಿಯವರು. "ನಡದ ತೋರಸವಾ" ಅಂದ ಕೂಡಲೇ ಹೆದರಿಕೆಯಲ್ಲಿ ಪುಟುಪುಟು ನಡಿಗೆ ಮರೆತುಹೋಯಿತು. ಕಾಲು ಬಾಗಿಲ ಕಡೆ ತಾನೇ ಧಾವಿಸಿತು. ಚೌಕಟ್ಟಿಗೆ ಹಣೆ ಬಡಿಯುವುದೊಂದು ಬಾಕಿ. ಅಪ್ಪ ಆಗ ಒಳಗೆ ಚಹಾದ ಏರ್ಪಾಡು ನೋಡುತ್ತಿದ್ದ, ನನ್ನ ನಡಿಗೆ ಅವನ ಕಣ್ಣಿಗೆ ಬೀಳಲಿಲ್ಲ. ಬಂದವರು ಶಿರಾ ತಿಂದು, ನಗುನಗುತ್ತಲೇ ಹೋದರು. ಎಂಟು ದಿನಕ್ಕೆ ಮಧ್ಯಸ್ಥರ ಬಾಯಲ್ಲಿ ಹೇಳಿಕಳಿಸಿದರು: "ಹುಡುಗಿ ಛಲೋ ಅದಾಳ್ರಿ, ನಡಿಗಿ ಗಂಡಸರಂಗೈತಿ."

ಆ ಮಾತನ್ನು ಅಪ್ಪ ಊಟಕ್ಕೆ ಕುಂತಾಗ ಅವ್ವನಿಗೆ ಮೆಲ್ಲಗೆ ಹೇಳಿದ. ನನಗೆ ಕೇಳಿಸಿತು. ಅವನು ಅನ್ನ ಕಲಸಿದವನು ಉಣ್ಣಲಿಲ್ಲ. ತಂಗಿಯರು ಅಂದು ನನ್ನ ಕಾಲು ನೋಡುವುದನ್ನು ನಾನು ನೋಡಿದೆ.

ಮರುದಿನದಿಂದ ಆಯಿಯ ಕ್ಲಾಸು. ನಮ್ಮ ಪಡಸಾಲೆಗೆ ಶಹಾಬಾದಿ ಫರಸಿ ಹಾಕಿಸಿತ್ತು, ಚೌಕ ಚೌಕ ಕಲ್ಲುಗಳು. ಆಯಿ ಗೋಡೆಗೆ ಆತು ಕುಂತು ಮೊರದಲ್ಲಿ ಜೋಳ ಹಸನು ಮಾಡುತ್ತ, ಕಣ್ಣು ಮಾತ್ರ ನನ್ನ ಕಾಲಿನ ಮೇಲೆ. "ಒಂದ ಫರಸಿಗೆ ಎರಡ ಹೆಜ್ಜಿ. ಮೂರ ಆದ್ರ ಇನ್ನೂ ಛಲೋ." ಒಂಬತ್ತುವಾರಿ ಸೀರೆ ಉಡಿಸಿದಳು, ನಿರಿಗೆ ಬಿಗಿದಳು. ನಾನು ನಡೆದೆ, ತಿರುಗಿದೆ, ನಡೆದೆ. ನಡುವೆ ಒಮ್ಮೆ ನಗು ಬಂತು, ಇದೂ ಸರಾಸರಿಯ ಪಾಠವೇ ಅಲ್ಲವೇ, ಉದ್ದ ಹೆಚ್ಚಿಸುವ ಬದಲು ಕಡಿಮೆ ಮಾಡುವುದು. ಆಯಿ, "ಹಲ್ಲ ಮುಚ್ಚು" ಅಂದಳು. ಅಪ್ಪ ಹೊಲದಿಂದ ಬಂದವನು ಬಾಗಿಲಲ್ಲಿ ನಿಂತು ಒಂದು ಗಳಿಗೆ ನೋಡಿದ. "ಆಯಿ ಹೇಳಿದಂಗ ಮಾಡವಾ. ಇದೊಂದ ಸಲ" ಅಂದು, ಒಳಗೆ ಬರದೆ, ಬಂದ ಹಾದಿಯಲ್ಲೇ ಹೊರಟುಹೋದ.

ಎರಡನೆಯ ಸಂಬಂಧ ರಾಮದುರ್ಗದ್ದು. ಹುಡುಗನಿಗೆ ಪಂಪಸೆಟ್ ರಿಪೇರಿಯ ಸ್ವಂತ ಅಂಗಡಿ, ಒಳ್ಳೆಯ ಮನೆತನ. ಹುಡುಗನ ಸೋದರಮಾವನೇ ನನ್ನ ಹೆಸರು ಸೂಚಿಸಿದ್ದಾರೆ, ಅವರಿಗೆ ನಮ್ಮ ಮನೆ ಗೊತ್ತಂತೆ ಅಂತ ಮಧ್ಯಸ್ಥರು ಹೇಳಿದ್ದರು. ಯಾರು ಏನು ಅಂತ ನಾನು ಕೇಳಲಿಲ್ಲ. ಹುಡುಗಿಯರು ಅದನ್ನೆಲ್ಲ ಕೇಳುತ್ತಿರಲಿಲ್ಲ.

ನೀರಿನ ತಂಬಿಗೆ ಹಿಡಿದು ಪಡಸಾಲೆಗೆ ಬಂದೆ. ಹುಡುಗ, ಅವನ ಅಪ್ಪ ಅವ್ವ, ಗೋಡೆಯ ಬದಿಗೆ ಅವನ ಅಜ್ಜಿ, ಅವಳ ಪಕ್ಕದಲ್ಲಿ ಬಿಳಿ ಅಂಗಿಯವರೊಬ್ಬರು. ಅವರ ಮುಂದೆ ನೀರು ಇಡುವಾಗ ತಲೆಯೆತ್ತಿದೆ. ತೋರಗಲ್ಲ ಸರ್. ಕೂದಲು ಬೆಳ್ಳಗಾಗಿತ್ತು.

"ಆರಾಮ ಇದ್ದಿಯೇನವಾ?" ಅಂದರು. ಮುಖದ ತುಂಬ ನಗು. ಸಾಲಿಯಲ್ಲಿ ಪೂರ್ತಿ ಅಂಕ ಕೊಡುವಾಗಲೂ ಹೀಗೆಯೇ ನಗುತ್ತಿದ್ದರು. ನಾನು ತಲೆ ತಗ್ಗಿಸಿದೆ. ಇವರೊಬ್ಬರನ್ನು ಬಿಟ್ಟು ಜಗತ್ತಿನ ಬೇರೆ ಯಾರಾದರೂ ಅಲ್ಲಿ ಕುಂತಿದ್ದರೆ ನನಗೆ ನಡೆಯುವ ಧೈರ್ಯವಿರುತ್ತಿತ್ತು.

ಹೆಸರಾಯಿತು, ಓದಾಯಿತು, ರೊಟ್ಟಿಯಾಯಿತು. ಆಮೇಲೆ ಅಜ್ಜಿ ಮೊಣಕೈಯಿಂದ ಸರ್ ಅವರನ್ನು ತಿವಿದಳು. "ಕೇಳಪಾ. ನೀ ಸ್ವಾದರಮಾವ, ನೀನ ಕೇಳಬೇಕು." ಸರ್ ಏನೋ ಗೊಣಗಿದರು. ಅಜ್ಜಿ ಇನ್ನೊಮ್ಮೆ ತಿವಿದಳು. ಅವರ ನಗು ಹೋಯಿತು. ನನ್ನನ್ನು ನೋಡದೆ, ಫರಸಿ ನೋಡುತ್ತ ಅಂದರು, "ಸ್ವಲ್ಪ ನಡದ ತೋರಸವಾ."

ಮೂರು ವರ್ಷ "ನಡಿ, ನಡಿ, ಕಾಲ ಬಿಚ್ಚಿ ನಡಿ" ಅಂತ ಮೈದಾನದ ಆಚೆ ದಡಕ್ಕೆ ಕೇಳುವಂತೆ ಕೂಗಿದ ದನಿ. ಅಂದು ಪಕ್ಕದಲ್ಲಿ ಕುಂತವರಿಗೂ ಸರಿಯಾಗಿ ಕೇಳಿಸಲಿಲ್ಲ.

ನಡೆದೆ. ಒಂದು ಫರಸಿಗೆ ಎರಡು, ಒಂದು ಫರಸಿಗೆ ಮೂರು. ಆಯಿ ಒಳಬಾಗಿಲಿನಿಂದ ನೋಡಿ ತೃಪ್ತಳಾಗುತ್ತಿದ್ದದ್ದು ಬೆನ್ನಿಗೆ ತಿಳಿಯುತ್ತಿತ್ತು. ಸರ್ ನನ್ನ ಕಾಲು ನೋಡುತ್ತಿದ್ದದ್ದೂ ತಿಳಿಯುತ್ತಿತ್ತು. ಆ ಪಡಸಾಲೆ ನನ್ನ ಜನ್ಮದಲ್ಲಿ ಅಷ್ಟು ಉದ್ದವಾಗಿದ್ದು ಅಂದೇ. ಬಾಗಿಲು ಮುಟ್ಟಿ, ತಿರುಗಿ, ಹಾಗೆಯೇ ಪುಟುಪುಟು ನಡೆದು ಅಡಿಗೆಮನೆ ಸೇರಿಕೊಂಡೆ.

ಶಿರಾದ ಬಶಿಗಳು ಹೊರಗೆ ಹೋದವು. ಅವ್ವ ಬಾಗಿಲ ಸಂದಿನಿಂದ ನೋಡಿದವಳು ನನ್ನ ಕೈ ಹಿಡಿದಳು. ಅಜ್ಜಿ ಬಶಿ ಮುಟ್ಟಿರಲಿಲ್ಲ. ಪಕ್ಕದಲ್ಲಿದ್ದ ಸೊಸೆಯ, ಅಂದರೆ ಹುಡುಗನ ಅವ್ವನ, ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಸೊಸೆಯೂ ಬಶಿ ಕೆಳಗಿಟ್ಟಳು. ಸವದತ್ತಿಯವರು ತಿಂದಾದರೂ ಹೋಗಿದ್ದರು. ಇವರು ತಿನ್ನುವುದೂ ಇಲ್ಲ. ಅಪ್ಪ "ತಗೋರಿ, ತಗೋರಿ" ಅನ್ನುತ್ತಿದ್ದ. ಆ ದನಿಯನ್ನು ಕೇಳಲಾರದೆ ನಾನು ಹಿತ್ತಲಿಗೆ ಬಂದೆ.

ಸರ್ ಕೈ ತೊಳೆಯುವ ನೆವದಲ್ಲಿ ಅಲ್ಲಿಗೇ ಬಂದರು. ನಾನು ತಂಬಿಗೆಯಿಂದ ನೀರು ಹಾಕಿದೆ. ತೊಳೆಯಲು ಕೈಯಲ್ಲಿ ಏನೂ ಇರಲಿಲ್ಲ, ಅವರೂ ಶಿರಾ ಮುಟ್ಟಿರಲಿಲ್ಲ.

"ಕಾಲಿಗೆ ಏನರ ಪೆಟ್ಟ ಆಗೇತೇನು, ಗಿರಿಜಾ?"

"ಇಲ್ರಿ ಸರ."

"ಮತ್ತ?"

ನಾನು ತಂಬಿಗೆ ಕೆಳಗಿಟ್ಟೆ. ಅವರು ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. "ರೂಢಿ ನೋಡು, ಎಣಸಾಕ ಹತ್ತಿದ್ದೆ. ನಡುವ ಎಣಿಕಿ ಬಿಟ್ಟಬಿಟ್ಟೆ" ಅಂದರು. ಆಮೇಲೆ, "ನಾನ ನಿನಗ ನಡದ ತೋರಸು ಅಂದೆನಲ್ಲವಾ. ನನಗರ ನಾಚಿಕಿ ಬರಬೇಕಿತ್ತು" ಅಂದು ಒಳಗೆ ಹೋದರು.

ಅವರ ಹಿಂದೆಯೇ ಒಳಗೆ ಬಂದು ಬಾಗಿಲಲ್ಲಿ ನಿಂತೆ. ಸರ್ ಕುಂಡ್ರಲಿಲ್ಲ. ಪಡಸಾಲೆಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ, "ಗಿರಿಜಾ, ಇನ್ನೊಮ್ಮೆ ನಡೀವಾ. ನನ್ನ ಎಣಿಕಿ ತಪ್ಪೇತಿ" ಅಂದರು.

ಅಪ್ಪನ ಕಡೆ ನೋಡಿದೆ, ಅವನು ನೆಲ ನೋಡುತ್ತಿದ್ದ. ಆಯಿಯ ಕಡೆ ನೋಡಿದೆ, ಅವಳು ಕಣ್ಣಲ್ಲೇ ಬೆದರಿಸುತ್ತಿದ್ದಳು. ನಾನು ಆಗ ಧೈರ್ಯ ತೋರಿಸಿದೆ ಅಂತ ಬರೆದುಕೊಳ್ಳಲು ಇಷ್ಟ, ಆದರೆ ಅದು ಸುಳ್ಳು. ಆ ದನಿಗೆ ನನ್ನ ಕಾಲು ಮೂರು ವರ್ಷ ಒಗ್ಗಿತ್ತು, ತಲೆ ಬೇಡವೆನ್ನುವ ಮೊದಲೇ ಹೊರಟುಬಿಟ್ಟಿತು. ನಿರಿಗೆ ಚಿಮ್ಮಿತು. ಫರಸಿಗಳನ್ನು ದಾಟುತ್ತ, ಹುಡುಗನ ಮುಂದೆ, ಅಜ್ಜಿಯ ಮುಂದೆ, ಅಪ್ಪನ ಮುಂದೆ ಹಾಯ್ದು, ಪಡಸಾಲೆ ಸಾಲದೆ ಹೊಸ್ತಿಲು ದಾಟಿ ಹೊರಗಿನ ಕಟ್ಟೆಯ ಮೇಲೆ ಬಂದು ನಿಂತೆ. ತಿರುಗಿ ನೋಡಲು ಮೋರೆ ಇರಲಿಲ್ಲ. ತಂಗಿಯರ ಬದುಕನ್ನೂ ಕೂಡಿಸಿ ತುಳಿದು ಬಂದೆ ಅನಿಸಿತು.

ಒಳಗೆ ಮೊದಲು ಅಜ್ಜಿಯ ದನಿ ಕೇಳಿತು. "ಎಪ್ಪಾ, ಕಾಲ ಎರಡೂ ಸಮ ಅದಾವಲ್ಲೋ. ಆಗ ಯಾಕ ಹಂಗ ನಡದಳು ಮತ್ತ? ನಾ ಅಂದ್ಕೊಂಡೆ, ಕಾಲಾಗ ಏನೋ ಕುಂದ ಐತಿ, ಸಣ್ಣ ಹೆಜ್ಜಿ ಇಡಿಸಿ ಮುಚ್ಚಾಕ ಹತ್ಯಾರ ಅಂತ. ನಮ್ಮ ಹಿರೇ ಮೊಮ್ಮಗನ ಲಗ್ನದಾಗ ಹಿಂಗ ಮಾಡೇ ಮೋಸ ಮಾಡ್ಯಾರ್ರಿ ನಮಗ." ಸರ್ ಏನೋ ಅಂದರು. "ಉದ್ದ ಹೆಜ್ಜಿ ಇಟ್ರ ಇಡಲಿ ಬಿಡಪಾ. ನಮ್ಮನಿ ಏನ ಸಣ್ಣದೈತೇನು?" ಅಂದಳು ಅಜ್ಜಿ. ಎಲ್ಲರೂ ನಕ್ಕರು. ಚಮಚದ ಸದ್ದು ಕೇಳಿತು. ಅಜ್ಜಿ ಶಿರಾ ತಿನ್ನುತ್ತಿದ್ದಳು.

ಸಂಬಂಧ ಕುದುರಿತು. ಆ ಹುಡುಗನೇ ಈಗ ಒಳಗಿನ ಕೋಣೆಯಲ್ಲಿ ಕುಂತು, ನಾನು ಏನು ಬರೆಯುತ್ತಿದ್ದೇನೆ ಅಂತ ಕೇಳುತ್ತಿರುವುದು. ಎಲ್ಲರೂ ನಕ್ಕ ಆ ಗಳಿಗೆಯಲ್ಲಿ ನನಗೂ ನಗು ಬರಬೇಕಿತ್ತು. ಬರಲಿಲ್ಲ. ಎರಡು ತಿಂಗಳು ಫರಸಿ ಎಣಿಸಿ ಕಲಿತದ್ದನ್ನು ಅವರು ಕುಂದು ಅಂದುಕೊಂಡಿದ್ದರು, ನಾವು ಮುಚ್ಚಿಟ್ಟದ್ದೇ ಅವರಿಗೆ ಬೇಕಾಗಿತ್ತು. ಮೋಸವೆಂದು ಕರೆಸಿಕೊಂಡ ಆ ಹಿರಿಯ ಮೊಮ್ಮಗನ ಹೆಂಡತಿ ಅದೇ ಮನೆಯಲ್ಲಿದ್ದಳು. "ಎರಡೂ ಸಮ" ಎಂಬ ಸರ್ಟಿಫಿಕೇಟು ಹಿಡಿದು ಅವಳ ಎದುರಿಗೆ ಹೇಗೆ ಹೋಗಲಿ ಅನ್ನುವುದೂ ಅಲ್ಲೇ ಹೊಳೆದು, ಕಟ್ಟೆಯ ಮೇಲಿಂದ ಕಾಲು ಏಳಲಿಲ್ಲ.

ಅಪ್ಪ ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಹೋದ. ಬರುವಾಗ ಸಂಜೆಯಾಗಿತ್ತು. ಪಡಸಾಲೆಯಲ್ಲಿ ಕುಂತು ರುಮಾಲು ತೆಗೆದಿಟ್ಟು, ನನ್ನನ್ನು ಕರೆದ.

"ನಿಮ್ಮ ಸರ್ ಹಾದ್ಯಾಗ ಒಂದ ಮಾತ ಕೇಳಿದ್ರು."

"ಏನಂತಪಾ?"

"ಆಕಿಗೆ ಆ ಸಣ್ಣ ಹೆಜ್ಜಿ ಕಲಿಸಿದವರ ಯಾರು ಅಂತ."

ಒಳಗೆ ಜೋಳ ಕೇರುತ್ತಿದ್ದ ಆಯಿಯ ಮೊರ ನಿಂತಿತು.

"ನೀ ಏನಂದಿ?" ಅಂದೆ ನಾನು.

"ನಾನ ಕಲಿಸಿದ್ದು ಅಂದೆ" ಅಂದ ಅಪ್ಪ. ಆಮೇಲೆ, "ನೀ ಹಂಗ ನಡೀತಿ ಅಂತ ನನಗ ಗೊತ್ತ ಇರಲಿಲ್ಲವಾ. ಇಷ್ಟ ವರ್ಷ ಒಂದ ಮನ್ಯಾಗ ಇದ್ದೇವಿ" ಅಂದ. ಅವನ ತಲೆ ತಗ್ಗಿತ್ತು. ನನ್ನ ಮುಂದೆ ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಒಂದ ತಂಬಿಗಿ ನೀರ ಕೊಡು" ಅಂದ.

ನೀರು ತರಲು ಒಳಗೆ ಹೊರಟೆ. ಅಪ್ಪ ತಲೆಯೆತ್ತಿ ಹಿಂದಿನಿಂದ ನೋಡುತ್ತಿದ್ದಾನೆ ಅಂತ ಗೊತ್ತಿತ್ತು. ಎಷ್ಟು ಉದ್ದದ ಹೆಜ್ಜೆ ಇಡಬೇಕೆಂದು ನನಗೆ ತಿಳಿಯಲಿಲ್ಲ.